ಮಂಗೋಲಿಯಾದಲ್ಲಿ ನಾನು, ನನ್ನ ಸೈಕಲ್ಲು

ಜನರಿಲ್ಲದ ಕಡೆ ಹೋದರೆ ಫಜೀತಿಗಳಾಗುವುದಿಲ್ಲ ಅಂತ ನಂಬಿದ್ದೆ. ಫಜೀತಿಗೆ ಜನ ಬೇಕಿಲ್ಲ, ನಾನೊಬ್ಬಳಿದ್ದರೆ ಸಾಕು ಅಂತ ಆಮೇಲೆ ಗೊತ್ತಾಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಟೆಂಟು, ಸ್ಟವ್ವು, ಅವಲಕ್ಕಿ ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡು, ಮಂಗೋಲಿಯಾದ ಕುರಿಗಾಹಿಗಳ ಬಯಲಿನಲ್ಲಿ ಮೂರು ವಾರ ಒಬ್ಬಳೇ ಅಲೆದೆ.

೧. ಪ್ರಾಕ್ಟೀಸು

ಆಗ ನಾನು ಅಮೆರಿಕದ ಅಲ್ಫರೆಟಾದಲ್ಲಿದ್ದೆ. ಹಾಲು ತರಬೇಕಾದರೂ ಕಾರು ತೆಗೆಯುವ ಊರು. ಹೊರಡುವ ಮುಂಚೆ ಒಂದು ಭಾನುವಾರ, ಸೈಕಲ್ಲಿಗೆ ಅಷ್ಟೂ ಮೂಟೆ ಕಟ್ಟಿಕೊಂಡು ಏರಿನಲ್ಲಿ ಏದುಸಿರು ಬಿಡುತ್ತಿದ್ದಾಗ ಪಕ್ಕದಲ್ಲಿ ವ್ಯಾನು ನಿಂತಿತು. ಕನ್ನಡ ಕೂಟದ ಆಂಟಿ.

“ಏನಮ್ಮ ಇದು, ಕಾರ್ ಏನಾಯ್ತು?”

“ಕಾರ್ ಇದೆ ಆಂಟಿ. ಪ್ರಾಕ್ಟೀಸ್ ಮಾಡ್ತಿದೀನಿ. ಮಂಗೋಲಿಯಾಗೆ ಹೋಗ್ತೀನಿ.”

“ಯಾರ್ ಜೊತೆ?”

“ಒಬ್ಬಳೇ.”

ಆಂಟಿ ವ್ಯಾನಿನ ಗಾಜು ಏರಿಸಿಕೊಂಡು ಹೊರಟುಹೋದರು. ಕೂಟದವರೆಲ್ಲ ಒಂದೊಂದು ಅಡುಗೆ ತರುವ ಮುಂದಿನ ಪಾಟ್‌ಲಕ್ಕಿನಲ್ಲಿ ಅವರ ಯಜಮಾನರು ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು: “ಲೇಆಫ್ ಎಲ್ಲಾರ್ಗೂ ಆಗುತ್ತಮ್ಮ. ಅದಕ್ಕೆ ದೇಶ ಬಿಟ್ಟು ಹೋಗೋದಾ? ನಂಗೆ ರೆಸ್ಯುಮೆ ಕೊಡು.”

೨. ನಾಯಿ

ಅಲ್ಲಿ ಯಾರದಾದರೂ ಗುಡಾರದ ಹತ್ತಿರ ಹೋಗುವಾಗ ದೂರದಿಂದಲೇ “ನಾಯಿ ಹಿಡ್ಕೊಳ್ಳಿ” ಅಂತ ಕೂಗಬೇಕು. ನಾಯಿಗಳು ಹಾಗಿರುತ್ತವೆ. ಅವರ ಭಾಷೆಯಲ್ಲಿ ನನಗೆ ಗಟ್ಟಿಯಾಗಿ ಬರುತ್ತಿದ್ದದ್ದು ಅದೊಂದೇ ಮಾತು.

ಒಮ್ಮೆ ನಾಲ್ಕು ದಿನ ಒಂದು ನರಪಿಳ್ಳೆಯೂ ಕಾಣಲಿಲ್ಲ. ಗಾಳಿ, ಹುಲ್ಲು, ಮತ್ತೆ ಹುಲ್ಲು. ಮೂರನೆಯ ದಿನ, ನನ್ನ ದನಿ ಇನ್ನೂ ಇದೆಯಾ ನೋಡೋಣ ಅಂತ ಸೈಕಲ್ಲನ್ನೇ “ಊಟ ಆಯ್ತಾ?” ಅಂತ ಕೇಳಿದೆ. ಅದು ಉತ್ತರ ಕೊಡಲಿಲ್ಲ ಅಂತ ನಿಜವಾಗಿಯೂ ಬೇಜಾರಾಯಿತು.

ಐದನೆಯ ದಿನ ಮಧ್ಯಾಹ್ನ ಒಬ್ಬ ಕುದುರೆ ಸವಾರ ಎದುರಾದ. ಮನುಷ್ಯನನ್ನು ಕಂಡ ಖುಷಿಗೆ ಸೈಕಲ್ಲಿಂದ ಇಳಿದುಬಿಟ್ಟೆ. ಏನಾದರೂ ಮಾತಾಡಲೇಬೇಕು. ಬರುತ್ತಿದ್ದ ಒಂದೇ ಮಾತನ್ನು ಕೈಯೆತ್ತಿ ಕೂಗಿದೆ: “ನಾಯಿ ಹಿಡ್ಕೊಳ್ಳಿ!”

ಅವನು ಹಿಂದೆ ನೋಡಿದ, ಮುಂದೆ ನೋಡಿದ. ಕಣ್ಣು ಹಾಯುವಷ್ಟು ದೂರ ನಾಯಿ ಇರಲಿಲ್ಲ. ಪಾಪ, ಬಂದವಳ ಮಾತು ತೆಗೆದುಹಾಕಬಾರದು ಅಂತ ಇಳಿದು ಕುದುರೆಯನ್ನೇ ಬಿಗಿಯಾಗಿ ಹಿಡಿದುಕೊಂಡ.

೩. ಊಟ

ಆ ಸವಾರನೇ ತನ್ನ ತಾಯಿಯ ಗುಡಾರಕ್ಕೆ ಕರೆದೊಯ್ದ. ಅಜ್ಜಿ ಒಂದು ಬೋಗುಣಿ ತುಂಬ ಕುರಿಮಾಂಸ ಮುಂದಿಟ್ಟಳು. ನಾನು ಮಾಂಸ ತೋರಿಸಿ ಬೇಡ ಅಂತ ಕೈ ಆಡಿಸಿದೆ. ಸೊಪ್ಪು ತಿನ್ನುತ್ತೇನೆ ಅನ್ನುವುದನ್ನು ಹೇಗೆ ಹೇಳುವುದು? ಹೊರಗಿನ ಹಸಿರು ಹುಲ್ಲು ತೋರಿಸಿ ಬಾಯಿಗೆ ಕೈ ಇಟ್ಟೆ.

ಅಜ್ಜಿ ಸ್ವಲ್ಪ ಯೋಚಿಸಿದಳು. ಆಮೇಲೆ ಬಾಗಿಲು ಪೂರ್ತಿ ತೆರೆದು, ದಿಗಂತದವರೆಗಿನ ಬಯಲಿಗೆ ಕೈ ಬೀಸಿ, ಸಂಕೋಚ ಮಾಡ್ಕೋಬೇಡ ಅನ್ನುವ ಹಾಗೆ ನಕ್ಕಳು.

೪. ಮಾತುಕತೆ

ಮಳೆ ಹಿಡಿದು ಅಲ್ಲೇ ಎರಡು ದಿನ ಉಳಿದೆ. ಮಗ ಕುರಿಗಳ ಹಿಂದೆ ಹೋದರೆ ಒಳಗೆ ನಾವಿಬ್ಬರೇ. ನಾನು ಅವಲಕ್ಕಿಗೆ ಅಜ್ಜಿಯ ಮೊಸರು ಕಲಸಿಕೊಂಡು ಕನ್ನಡದಲ್ಲಿ ಮಾತು ಶುರುಮಾಡಿದೆ. ಗಂಡ ಬಿಟ್ಟುಹೋದದ್ದು, ಅದನ್ನು ಊರಿಗೆ ಫೋನಿನಲ್ಲಿ ಹೇಳಲಾರದೆ ಒಂದು ವರ್ಷ “ಅವರು ಬಾತ್‌ರೂಮಲ್ಲಿದಾರೆ” ಅಂದದ್ದು, ವೀಕೆಂಡ್ ಪೂರ್ತಿ ಯಾರ ಫೋನೂ ಬರದ ಅಪಾರ್ಟ್‌ಮೆಂಟು, ಎಲ್ಲ ಹೇಳಿದೆ. ಯಾರಿಗೂ ಹೇಳದಿದ್ದದ್ದು. ಅಜ್ಜಿ ನನ್ನ ಕೈ ಹಿಡಿದು ಅತ್ತಳು. ತನ್ನ ಭಾಷೆಯಲ್ಲಿ ತಾನೂ ಏನೋ ಹೇಳಿಕೊಂಡಳು. ನಾನೂ ಅತ್ತೆ. ನನ್ನನ್ನು ಇಷ್ಟು ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ ಅನ್ನಿಸಿತು.

ಮೂರನೆಯ ದಿನ ದನದ ಡಾಕ್ಟರು ಜೀಪಿನಲ್ಲಿ ಬಂದ. ಹರಕು ಮುರುಕು ಇಂಗ್ಲಿಷ್ ಬರುತ್ತಿತ್ತು.

“ಅಜ್ಜಿಗೆ ಏನು ದುಃಖ? ಕೇಳಿ ಹೇಳಿ,” ಅಂದೆ.

ಅವನು ಕೇಳಿ ಹೇಳಿದ: “ಅವಳ ಮೇಕೆ ಸತ್ತಿದೆ. ದಿನಾ ತುಂಬ ಹಾಲು ಕೊಡ್ತಿತ್ತಂತೆ. ನಿನ್ನ ದುಃಖ ಏನು?”

“ನನ್ನ ಗಂಡ ಬಿಟ್ಟುಹೋದ.”

ಅವನು ಅದನ್ನು ಅಜ್ಜಿಗೆ ತಿಳಿಸಿದ. ಅಜ್ಜಿ ನನ್ನ ಕೈ ಬಿಟ್ಟು, ಕಣ್ಣೊರೆಸಿಕೊಂಡು, ಸಿಟ್ಟಿನಲ್ಲಿ ಏನೋ ಅಂದಳು. ಡಾಕ್ಟರು ನಗು ತಡೆಯಲಾರದೆ ಹೇಳಿದ:

“ಅಯ್ಯೋ, ಬರೀ ಗಂಡಾನಾ? ನಿನ್ನದೂ ಮೇಕೆ ಹೋಯ್ತು ಅಂತ ಎರಡು ದಿನ ಅತ್ತೆನಲ್ಲೇ! ಅಂತಿದ್ದಾಳೆ.”