ಮಾನಿಟರ್ ಮಲಗಿದ್ದಾರೆ

ಕಿವಿಯನ್ನೇ ನಂಬಿ ಹೊಟ್ಟೆ ಹೊರೆಯುವವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡ ಬಿಟ್ಟು ಗೋವಾದ ಫಾತೋರ್ಡಾದಲ್ಲಿ ಒಂದು ಸಣ್ಣ ಸ್ಟುಡಿಯೋ ಸೇರಿದೆ. ಹಾಡು ರೆಕಾರ್ಡ್ ಮಾಡಿ, ವಾದ್ಯ, ದನಿ ಎಲ್ಲವನ್ನೂ ಹದವಾಗಿ ಬೆರೆಸಿ ಕ್ಯಾಸೆಟ್ ಮಾಡುವುದು ನನ್ನ ಕೆಲಸ. ಮಾಲೀಕರು ಬೆಳಗಾವಿ ಕಡೆಯ ಸಾವಕಾರರು. ಅಲ್ಲಿದ್ದಷ್ಟು ವರ್ಷ ನಕ್ಕಿದ್ದಕ್ಕಿಂತ ಬೆವರಿದ್ದೇ ಹೆಚ್ಚು. ಈಗ ನೆನೆದರೆ ಮಾತ್ರ ನಗು ಬರುತ್ತದೆ.

ಒಂದು: ಸದ್ದಿಲ್ಲದ ಮಧ್ಯಾಹ್ನ

ಸ್ಟುಡಿಯೋ ಇದ್ದದ್ದು ಮಹಡಿಯ ಮೇಲೆ. ಕೆಳಗೆ ಮನೆಯ ಒಡತಿ, ಎಪ್ಪತ್ತು ದಾಟಿದವರು; ಅಲ್ಲಿಯ ರೂಢಿಯಂತೆ ಎಲ್ಲರೂ ಅವರನ್ನು 'ಬಾಯಿ' ಎಂದೇ ಕರೆಯುತ್ತಿದ್ದರು. ಗೋವಾದಲ್ಲಿ ಮಧ್ಯಾಹ್ನದ ನಿದ್ದೆ ಎಂದರೆ ದೇವರ ಪೂಜೆಗಿಂತ ಒಂದು ಕೈ ಮೇಲು. ಒಂದರಿಂದ ನಾಲ್ಕರವರೆಗೆ ಮೇಲಿನಿಂದ ಒಂದು ಸೂಜಿ ಬಿದ್ದ ಸದ್ದೂ ಕೇಳಬಾರದು ಎಂಬ ಕರಾರಿನ ಮೇಲೇ ಅವರು ಜಾಗ ಕೊಟ್ಟಿದ್ದರು.

ಮೇಜಿನ ಮೇಲೆ ಎರಡು ದೊಡ್ಡ ಸ್ಪೀಕರುಗಳಿದ್ದವು. ಅವಕ್ಕೆ ನಮ್ಮ ಕಸುಬಿನಲ್ಲಿ ಮಾನಿಟರ್ ಅನ್ನುತ್ತಾರೆ. ಹಾಡಿನ ತಪ್ಪನ್ನೆಲ್ಲ ಮುಲಾಜಿಲ್ಲದೆ ಹೇಳುವಂಥವು. ಮಧ್ಯಾಹ್ನ ಅವುಗಳ ಬಾಯಿ ಬಂದ್. ನಾನು ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಈ ಹೆಡ್‌ಫೋನ್ ಮದುವೆಗೆ ಹೆಣ್ಣು ತೋರಿಸುವ ದಲ್ಲಾಳಿಯ ಹಾಗೆ, ಅದಕ್ಕೆ ಎಲ್ಲವೂ ಚೆಂದವೇ.

ಮೊದಲ ವಾರ ಹೀಗೇ ಮೈಮರೆತು ಕೆಲಸ ಮಾಡುತ್ತಿದ್ದೆ. ಯಾರೋ ಹೆಗಲು ಅಲುಗಿಸಿದರು. ತಿರುಗಿದರೆ ಬಾಯಿ, ಕೈಯಲ್ಲಿ ಪೊರಕೆ. ಹೆಡ್‌ಫೋನ್ ತೆಗೆದೆ.

"ಬಾಬಾ, ನಿನ್ನ ಮಷೀನು ಸುಮ್ಮನೇ ಇದೆ. ನೀನು ಹಾಡುವುದನ್ನು ನಿಲ್ಲಿಸು," ಅಂದರು ಕೊಂಕಣಿಯಲ್ಲಿ.

ಒಂದು ಗಂಟೆಯಿಂದ ಗಂಟಲು ಹರಿಯುವಂತೆ ಹಾಡುತ್ತಿದ್ದೆನಂತೆ. ಅದೂ ಹೆಣ್ಣುದನಿಯ ಹಾಡು.

ಎರಡು: ಬಸ್ಸಿನ ಹರದೇಶಿ

ಹರದೇಶಿ–ನಾಗೇಶಿ ಎಂಬ ಸವಾಲು-ಜವಾಬಿನ ಹಾಡು ನಮ್ಮ ಕಡೆಯವರಿಗೆ ಗೊತ್ತು. ಗಂಡು ಹೆಚ್ಚೆಂದು ಅವನು ಹಾಡಬೇಕು, ಹೆಣ್ಣು ಹೆಚ್ಚೆಂದು ಇವಳು ತಿರುಗಿ ಬಾರಿಸಬೇಕು. ಅಂಥದೊಂದು ಕ್ಯಾಸೆಟ್ಟನ್ನೂ ಮಧ್ಯಾಹ್ನವೇ ಹೆಡ್‌ಫೋನಿನಲ್ಲಿ ಮುಗಿಸಿದೆ. ಗಂಡಿನ ದನಿ ಪೂರ್ತಿ ಬಲಗಿವಿಗೆ, ಹೆಣ್ಣಿನ ದನಿ ಪೂರ್ತಿ ಎಡಗಿವಿಗೆ. ಇಬ್ಬರ ಜಗಳದ ನಡುವೆ ಕೂತಂತೆ ಅನ್ನಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕ್ಯಾಸೆಟ್ಟುಗಳು ಹುಬ್ಬಳ್ಳಿ ಬಸ್ಸುಗಳಿಗೆ ಹೋದವು. ಆ ಬಸ್ಸುಗಳಲ್ಲಿ ಎರಡೂ ಸ್ಪೀಕರ್ ನೆಟ್ಟಗಿರುವುದು ಅಪರೂಪ. ಎಡಗಡೆಯದು ಕೆಟ್ಟ ಬಸ್ಸಿನಲ್ಲಿ ಗಂಡಸೊಬ್ಬ ತನಗೆ ತಾನೇ ಸವಾಲು ಹಾಕಿಕೊಂಡು ಉತ್ತರಕ್ಕೆ ಕಾಯುತ್ತಿದ್ದ. ಹೀಗೆ ಎಂಟು ಹತ್ತು ಕ್ಯಾಸೆಟ್ ವಾಪಸ್ ಬಂದವು.

ಬಲಗಡೆಯದು ಕೆಟ್ಟಿದ್ದ ಬಸ್ಸಿನ ಡ್ರೈವರ್ ಮಾತ್ರ ವಾಪಸ್ ಕೊಡಲು ಒಪ್ಪಲಿಲ್ಲ.

"ಪಣಜಿಯಿಂದ ಹುಬ್ಬಳ್ಳಿ ಮಟಾ ಬರೇ ಆಕೀನ ಬೈತಾಳ್ರಿ, ಆಂವ ಒಂದ ಮಾತ ಆಡಂಗಿಲ್ಲ. ಇರಲಿ ಬಿಡ್ರಿ, ಮನ್ಯಾಗ ಕುಂತಂಗ ಅನಸ್ತೈತಿ."

ಸಾವಕಾರರಿಗೆ ನಗು ಬರಲಿಲ್ಲ. ವಾಪಸ್ ಬಂದ ಕ್ಯಾಸೆಟ್ ಮೇಜಿನ ಮೇಲೆ ಸುರಿದು ಅಂದರು: "ಇನ್ನ ಮ್ಯಾಲೆ ಮಾನಿಟರ್ ಕೇಳದ ಒಂದೂ ಕ್ಯಾಸೆಟ್ ಹೊರಗ ಹೋಗಬಾರ್ದು. ಇನ್ನೊಂದ ಸಲ ವಾಪಸ್ ಬಂದ್ರ ನಿನ್ನ ಟ್ರಂಕ್ ನೀನ ಕಟ್ಟು." ನಾನು ನಿಜಕ್ಕೂ ಹೆದರಿದೆ. ಊರಿಗೆ ಮರಳಿದರೆ ಅಪ್ಪನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವುದೇ ಗತಿ.

ಮೂರು: ಮೇಸ್ತ್ರಿಯ ಪದ

ಕಲಂಗುಟ್‌ನಲ್ಲಿ ಹೋಟೆಲು ಕಟ್ಟುತ್ತಿದ್ದ ವಿಜಯಪುರ ಕಡೆಯ ಮೇಸ್ತ್ರಿಯೊಬ್ಬರು ಮೊಹರಂ ಪದಗಳನ್ನು ಹಾಡಿದ್ದರು. ಹಿಂದೆ ಹಲಗೆ ವಾದ್ಯದ ಬಡಿತ. ಮೊದಲ ಕ್ಯಾಸೆಟ್ ಹಿಡಿದುಕೊಂಡು ನಾಲ್ಕರ ಬಸ್ಸಿಗೆ ಊರಿಗೆ ಹೋಗಬೇಕಿದ್ದವರು ಎರಡು ಗಂಟೆಗೇ ಸ್ಟುಡಿಯೋಗೆ ಬಂದರು. ಹೆಡ್‌ಫೋನಿನಲ್ಲಿ ಕೇಳಿಸಿದೆ. ಅವರ ಕಣ್ಣು ತುಂಬಿದವು.

"ಭಾಳ ಚಲೋ ಬಂದೈತ್ರಿ ಮಾಸ್ತರ್ರ. ಕೊಡ್ರಿ, ಹೊಂಡ್ತೇನಿ."

"ತಡೀರಿ ಮೇಸ್ತ್ರಿ. ಮಾನಿಟರ್ ಕೇಳದ ಕೊಡಾಕ ಬರಂಗಿಲ್ಲ."

"ಹಂಗಾರ ಕೇಳ್ರಲಾ."

"ಈಗ ಹೆಂಗ ಕೇಳೂದು? ಕೆಳಗ ಮಲಗ್ಯಾರ. ನಾಕರ ತನಕ ಎಬ್ಬಸಾಂಗಿಲ್ಲ."

ಮೇಸ್ತ್ರಿ ಒಂದು ಗಳಿಗೆ ಯೋಚಿಸಿ ಮೆಟ್ಟಿಲಿಳಿದರು. ಚಹಾಕ್ಕೆ ಹೋದರೆಂದುಕೊಂಡೆ.

ಹತ್ತು ನಿಮಿಷಕ್ಕೆ ಬಾಯಿಯೇ ಮೇಲೆ ಬಂದರು, ಕೆದರಿದ ಕೂದಲು, ಕೈಯಲ್ಲಿ ಬಿಸ್ಕೀಟಿನ ಪೊಟ್ಟಣ. ಹಿಂದೆ ಕೈಮುಗಿದುಕೊಂಡು ಮೇಸ್ತ್ರಿ. ಕ್ಯಾಸೆಟ್ ವಾಪಸ್ ಬರುವ ಮೊದಲೇ ಟ್ರಂಕು ಕಟ್ಟಬೇಕಾಯಿತಲ್ಲ ಅಂದುಕೊಂಡೆ.

"ನಾನು ಕೇಳದೆ ಹಾಡು ಹೊರಗೆ ಹೋಗುವುದಿಲ್ಲವಂತೆ, ಈತ ಹೇಳಿದ," ಅಂದರು ಬಾಯಿ. "ಈ ಬುದ್ಧಿ ನಿನಗೆ ಯಾವಾಗ ಬಂತು ಬಾಬಾ? ಹಾಕು."

ಮೇಸ್ತ್ರಿ ಹಿಂದಿನಿಂದ ತಮ್ಮ ಹಿಂದಿಯಲ್ಲಿ, "ಪಾಸ್ ಕರೋ, ಮಾನಿಟರ್ ಬಾಯಿ," ಅಂದರು. ಆಗ ನನಗೆ ಎಲ್ಲ ಹೊಳೆಯಿತು. ಬಾಯಿ ಹೇಗೂ ಎದ್ದಾಗಿತ್ತು, ಸ್ಪೀಕರುಗಳನ್ನೇ ಹಾಕಿದೆ.

ಕಿಟಕಿ ನಡುಗಿತು. ಹೆಡ್‌ಫೋನಿನಲ್ಲಿ ಮೆತ್ತಗೆ ಕೇಳಿಸುತ್ತದೆಂದು ನಾನೇ ಏರಿಸಿದ್ದ ಹಲಗೆ ಈಗ ಸಿಡಿಲು ಬಡಿದ ಹಾಗೆ ಬಡಿಯಿತು. ಮೇಸ್ತ್ರಿಯ ದನಿ ಹುಡುಕಿದರೂ ಸಿಗಲಿಲ್ಲ.

"ಬಟ್ಟೆ ಒಗೆಯುವವರು ಇಲ್ಲೇ ಇದ್ದಾರೆ, ಹಾಡುವವನು ಬಾವಿಯ ಆಚೆ ನಿಂತಿದ್ದಾನೆ," ಅಂದರು ಬಾಯಿ. "ಅವನನ್ನು ಒಳಗೆ ಕರೆ."

ಕರೆದೆ. ಹಲಗೆ ಇಳಿಸಿ ದನಿ ಏರಿಸಿದೆ. ಕನ್ನಡದ ಒಂದಕ್ಷರ ಬಾರದ ಬಾಯಿ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಆತಾಂ ಬರೆಂ," ಅಂದರು. ಈಗ ಚೆನ್ನಾಗಿದೆ ಎಂದು. ಮೇಸ್ತ್ರಿ ಅವರಿಗೆ ಸಲಾಮು ಹೊಡೆದು ನಾಲ್ಕರ ಬಸ್ಸು ಹಿಡಿದರು. ಆ ಪದಗಳ ಕ್ಯಾಸೆಟ್ ಒಂದೂ ವಾಪಸ್ ಬರಲಿಲ್ಲ, ನನ್ನ ಟ್ರಂಕು ಮಂಚದ ಕೆಳಗೇ ಉಳಿಯಿತು. ಮಾನಿಟರ್ ಯಾರೆಂಬುದನ್ನು ಮಾತ್ರ ನಾನು ಮೇಸ್ತ್ರಿಗೆ ಬಿಡಿಸಿ ಹೇಳಲಿಲ್ಲ. ಅಷ್ಟು ಉಪಕಾರ ಮಾಡಿದವರನ್ನು ತಿದ್ದಲು ಮನಸ್ಸು ಬರಲಿಲ್ಲ.

ಮೊಹರಂ ಮುಗಿಸಿ ಬಂದ ಮೇಸ್ತ್ರಿ ನೇರ ಸಾವಕಾರರ ಮುಂದೆ ನಿಂತರು.

"ನಿಮ್ಮ ಮಾನಿಟರ್ ಆರಾಮ ಅದಾರೇನ್ರಿ ಸಾವಕಾರ್ರ?"

"ಎಲ್ಲೀ ಆರಾಮೋ ಮೇಸ್ತ್ರಿ? ಭಾಳ ಹಳೇದಾತು. ನಿನ್ನೆಯಿಂದ ದನೀನ ಬಿದ್ದೈತಿ. ಹೊರಗ ಒಗದು ಹೊಸಾದು ತರಬೇಕಂತ ಮಾಡೇನಿ."

ಮೇಸ್ತ್ರಿಯ ಮುಖ ಕಪ್ಪಿಟ್ಟಿತು.

"ದನಿ ಬಿದ್ದರ ಕಷಾಯ ಕಾಸಿ ಕೊಡ್ರಿ ಸಾವಕಾರ್ರ. ಮನಿ ಒಡತೀನ್ನ ಹೊರಗ ಒಗದು ನೀವೆಲ್ಲಿ ಕುಂದ್ರವ್ರು?"