ಕ್ಯಾಪ್ಟನ್ ಪೆಟ್ಟಿಗೆಯೊಳಗೆ ನಮ್ಮ ಮನೆ ಬೀಡಿ

ಆರ್.ಟಿ. ನಗರ, ೧೯೮೨

ಹಾಲೆಂಡ್ ದೇಶದ ಕ್ಯಾಪ್ಟನ್ ವಾನ್ ಡೊರ್ನ್ ಸಿಗರೇಟ್ ಕಂಪನಿಯ ಮಾನ್ಯ ಮಾಲೀಕರೇ,

ತಮ್ಮ ಪಾದಗಳಿಗೆ ಬೀಡಿ ಸುತ್ತುವ ಮಲ್ಕಾಳ ಸಲಾಮು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಾದ್ದರಿಂದ ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪಿರಬಹುದು. ಕಾಗದದ ಮೇಲಿನ ಕಂದು ಕಲೆ ನನ್ನ ಬೆರಳಿನದು. ತಾವೂ ತಂಬಾಕಿನವರೇ ಆದ್ದರಿಂದ ಕ್ಷಮಿಸುವಿರೆಂದು ನಂಬಿದ್ದೇನೆ.

ತಮ್ಮ ಚರಿತ್ರೆಯನ್ನು ಕಳೆದ ಭಾನುವಾರ ಪರದೆಯ ಹಿಂದೆ ನಿಂತು ಕೇಳಿದೆ. ಹೇಳಿದವರು ನನ್ನನ್ನು ನೋಡಲು ಬಂದಿದ್ದ ವಹಾಬ್. ಇನ್ನೂರು ವರ್ಷದ ಹಿಂದೆ ತಮ್ಮ ಕ್ಯಾಪ್ಟನ್ನರು ಬಂದರಿನಲ್ಲಿ ಅಂಗಡಿ ತೆರೆದು, ಹೆಸರು ಬರೆದ ಡಬ್ಬಿಗಳನ್ನು ಹಡಗಿನವರಿಗೆಲ್ಲ ಬಿಟ್ಟಿ ಹಂಚಿ, ಕೂಲಿ ಕೊಡದೆಯೇ ಆ ಹೆಸರನ್ನು ದೇಶದೇಶಕ್ಕೆ ಹೊರಿಸಿದರಂತೆ. ಎಂಥ ಬುದ್ಧಿ! ಈಗ ವಹಾಬ್ ಕೂಡ ತಮ್ಮ ಕೆಂಪು ಪೆಟ್ಟಿಗೆಯನ್ನು ಬಿಳಿ ಟೆರಿಲಿನ್ ಅಂಗಿಯ ಜೇಬಿನಲ್ಲಿ, ಅದರ ಮೇಲೆ ಅಚ್ಚಾದ ಕ್ಯಾಪ್ಟನ್ನರ ಮುಖ ಹೊರಗೆ ಕಾಣುವಂತೆ ಇಟ್ಟುಕೊಂಡು ಸಂಬಳವಿಲ್ಲದೆ ತಮ್ಮ ಪ್ರಚಾರ ಮಾಡುತ್ತಿದ್ದಾರೆ.

ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ತೂಗುತ್ತೇನೆಂದು ಅವರು ಬಾಯಿಬಿಟ್ಟು ಹೇಳಿದರೂ, ಅಬ್ಬಾ ಜೇಬನ್ನೇ ನಂಬಿ, ದುಬೈಗೆ ಹೋಗಿಬರುವ ಗಂಡೆಂದುಕೊಂಡು ಎರಡನೇ ಸಲ ಚಹಾ ತರಿಸಿದರು. ಅಷ್ಟರಲ್ಲಿ ಮನೆಯ ಓನರ್ ಚಿಕ್ಕಬೈರಪ್ಪನವರು "ಫಾರಿನ್ ಮಾಲಾ? ಒಂದ್ ಕೊಡಪ್ಪ, ನೋಡಾನ" ಎಂದು ಅವರ ಜೇಬಿನಿಂದ ಪೆಟ್ಟಿಗೆಯನ್ನು ಎತ್ತಿಕೊಂಡು ತೆರೆದೇಬಿಟ್ಟರು. ಒಳಗೆ ಇದ್ದದ್ದು ನಮ್ಮ ಬೀದಿಯ ಹೆಂಗಸರು ಹಸಿರು ದಾರ ಕಟ್ಟಿ ಕಳಿಸುವ ಬೀಡಿ. "ಲೇ ಪಾಷಾ, ಇದ್ಯಾವ್ ಹಾಲೆಂಡೋ! ನಿನ್ ಮಗ್ಳೇ ಕಟ್ಟಿರಾದು ಕಣೋ!"

"ಜೇಬಲ್ಲೇ ಸುಳ್ಳಿಟ್ಕೊಂಡು ಬರೋನಿಗೆ ಹೆಣ್ಣು ಕೊಡಲ್ಲ" ಎಂದರು ಅಬ್ಬಾ. ವಹಾಬ್ ನೆಲ ನೋಡುತ್ತ, "ಈ ಬೀಡಿ ಚೆನ್ನಾಗಿರ್ತವೆ, ಅದಕ್ಕೇ..." ಎಂದು ಪೆಟ್ಟಿಗೆಯನ್ನೂ ಮರೆತು ಎದ್ದುಹೋದರು. ನಾನು ಸುತ್ತಿದ್ದನ್ನು ಅಲ್ಲಿಯವರೆಗೆ ಯಾರೂ ಹೊಗಳಿರಲಿಲ್ಲ. ಅವರೇ ಆಗಬೇಕೆಂದು ಅಬ್ಬಾನ ಎದುರು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದ್ದರಿಂದ, ಹೊರಗೊಂದು ತೋರಿಸಿ ಒಳಗೊಂದು ಕೊಡುವುದು ಸುಳ್ಳಲ್ಲ, ಪ್ರಚಾರವೆಂದೂ, ಅದರಿಂದಲೇ ತಾವು ಇನ್ನೂರು ವರ್ಷ ಮರ್ಯಾದೆಯಿಂದ ಬಾಳಿದ್ದೀರೆಂದೂ ಅಬ್ಬಾ ಮೆಹಬೂಬ್ ಪಾಷಾ ಅವರಿಗೆ ಮೊಹರು ಹಾಕಿ ಬರೆದು ತಿಳಿಸಬೇಕು. ಕ್ಯಾಪ್ಟನ್ನರೇ ಹಡಗಿನಲ್ಲಿ ಹೆಬ್ಬಾಳದ ಕೆರೆಗೆ ಬಂದು, ಗಂಡಿನ ಕಡೆಯ ಹಿರಿಯರಾಗಿ ಕೂತು ಮಾತಾಡಿದರೆ ಇನ್ನೂ ಒಳ್ಳೆಯದು. ಚಹಾ ನಾನೇ ಮಾಡುತ್ತೇನೆ.

ಬೇರೆ ದಾರಿ ಕಾಣದ ತಮ್ಮ ವಿಶ್ವಾಸಿ,
ಮಲ್ಕಾ

ಮರೆತಿದ್ದು: ಇನ್ನೂರು ವರ್ಷ ಸೇದಿದರೂ ಕ್ಯಾಪ್ಟನ್ನರ ಕೆನ್ನೆ ಕೆಂಪಗೇ ಇದೆ, ಅಬ್ಬಾಗೆ ಮಾತುಮಾತಿಗೂ ಕೆಮ್ಮು. ಆ ಗುಟ್ಟನ್ನೂ ಬರೆಯಿರಿ. ಇವತ್ತು ಬೆಳಿಗ್ಗೆ ವಹಾಬ್ ಬಿಟ್ಟುಹೋದ ಪೆಟ್ಟಿಗೆಗೆ ಹೊಸ ಬೀಡಿ ತುಂಬಿ, ಹಸಿರು ದಾರವನ್ನು ಈ ಸಲ ಹೊರಗಡೆಯೇ ಸುತ್ತಿ, ಮಾರ್ಕೆಟ್ಟಿಗೆ ಹೊರಟಿದ್ದ ಚಿಕ್ಕಬೈರಪ್ಪನವರ ಕೈಯಲ್ಲೇ ಯಶವಂತಪುರದ ಶೆಡ್ಡಿಗೆ ಕಳಿಸಿದೆ. ಗಂಟು ಕ್ಯಾಪ್ಟನ್ನರ ಮೂಗಿನ ಮೇಲೆ ಬಿತ್ತು.