ಹನ್ನೊಂದು ಆಮೆಗಳ ಹಂಚಿಕೆ

ತ್ರಿಗ್ರಾಮ ಬೆಳೆಗಾರರ ಸಂಘದ ವ್ಯಾಪ್ತಿಯಲ್ಲಿ ಆಮೆಗಳ ತೀವ್ರ ಅಭಾವವಿದೆ ಎಂದು ಜುಲೈ ಹದಿನೈದರಂದು ಅಧಿಕೃತವಾಗಿ ಘೋಷಿಸಲಾಯಿತು. ಆಮೆ ಎಂದರೆ ಹೊಳೆಯ ಆಮೆಯಲ್ಲ. ಹೆಬ್ಬೆರಳಿನಷ್ಟು ದೊಡ್ಡದಾದ, ನೀಲಿ ಬಣ್ಣದ, ಪ್ಲಾಸ್ಟಿಕ್ಕಿನ ಆಮೆ. ಅದರ ಹೊಟ್ಟೆಯೊಳಗೆ ಒಂದು ಚಿಪ್ ಇರುತ್ತದೆ. ಟಿವಿಗೆ ಜೋಡಿಸುವ ಆಟದ ಯಂತ್ರದ ಮೇಲೆ ಆಮೆಯನ್ನು ಕೂರಿಸಿದರೆ ಆಟದೊಳಗೆ ಮುಚ್ಚಿರುವ ಒಂದು ಬಾಗಿಲು ತೆರೆಯುತ್ತದೆ. ಕೂರಿಸದಿದ್ದರೆ ತೆರೆಯುವುದಿಲ್ಲ. ಇಷ್ಟು ತಿಳಿದರೆ ಮುಂದಿನದೆಲ್ಲ ಸುಲಭ.

ಪೆರಾಬೆಯ ಕೌಸಲ್ಯಾ ಆ ಬಾಗಿಲಿನ ಎದುರು ಮೂರು ತಿಂಗಳಿಂದ ನಿಂತಿದ್ದರು. ನಿಂತದ್ದು ಆಟದೊಳಗಿನ ಅವರ ದೋಣಿಯವನು. ಅವರು ಸ್ವತಃ ಮನೆಯ ಚಾವಡಿಯ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ಮೂವತ್ತೆರಡು ವರ್ಷ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದ ಟೀಚರ್ ಅವರು. ಯಾವ ಲೆಕ್ಕವನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಆಟದಲ್ಲಿ ಏಳು ದ್ವೀಪಗಳನ್ನು ದಾಟಿದ್ದರು. ಎಂಟನೆಯದು ಬಾಗಿಲಿನ ಆಚೆ ಇತ್ತು.

ಆಟದ ಯಂತ್ರ ಆ ಮನೆಗೆ ಹೇಗೆ ಬಂತು ಎಂಬುದನ್ನೂ ಹೇಳಬೇಕು. ಸಂಘದ ಕಾರ್ಯದರ್ಶಿ ಹರಿಪ್ರಸಾದ್ ಅಡಿಕೆ ಒಣಗಿಸುವ ಸದಸ್ಯರಿಗಾಗಿ ನಲವತ್ತು ಟಾರ್ಪಾಲು ತರಲು ಪುತ್ತೂರಿನ ಪೋಕರ್ ಅವರ ಅಂಗಡಿಗೆ ಹೋಗಿದ್ದರು. ಅಲ್ಲಿ ಒಂದು ಆಟದ ಯಂತ್ರ ಕೊಂಡವರಿಗೆ ಒಂದು ಟಾರ್ಪಾಲು ಉಚಿತವೆಂಬ ಯೋಜನೆ ಚಾಲ್ತಿಯಲ್ಲಿತ್ತು. ಉಚಿತವೆಂದ ಮೇಲೆ ಬಿಡುವಂತಿಲ್ಲ. ಆದ್ದರಿಂದ ನಲವತ್ತು ಯಂತ್ರ ಕೊಂಡರು. ಮೂವತ್ತೊಂಬತ್ತು ಮನೆಗಳಲ್ಲಿ ಅದು ಟಿವಿಯನ್ನು ಸ್ವಲ್ಪ ಎತ್ತರಿಸಿ ಇಡುವುದಕ್ಕೆ ಉಪಯೋಗವಾಯಿತು. ಸಂಘದ ನಿರ್ದೇಶಕರಲ್ಲಿ ಒಬ್ಬರಾದ ಕೃಷ್ಣಮೋಹನರ ಮನೆಯಲ್ಲಿ ಮಾತ್ರ ಗಂಡ ಟಾರ್ಪಾಲು ಹಾಸಿದರು, ಹೆಂಡತಿ ಆಟ ಆಡಿದರು. ಆ ಹೆಂಡತಿಯೇ ಕೌಸಲ್ಯಾ.

ಜುಲೈಯಲ್ಲಿ ಆಟದ ಯಂತ್ರದ ಕಂಪನಿಯಿಂದ ಆಮೆಗಳು ಬಂದವು. ಹನ್ನೊಂದು. ಸದಸ್ಯರು ನಲವತ್ತು. ಹರಿಪ್ರಸಾದ್ ಅದೇ ದಿನ ಪ್ರಕಟಣೆ ಅಂಟಿಸಿದರು:

“ಆಮೆ ಅಪೇಕ್ಷಿಸುವ ಸದಸ್ಯರು ತಮ್ಮ ಹೆಸರಿನಲ್ಲಿರುವ ಪಹಣಿ, ಆಧಾರ್ ಪ್ರತಿ, ಎರಡು ಭಾವಚಿತ್ರ ಹಾಗೂ ತಮ್ಮ ಮನೆಯಲ್ಲಿ ಈ ಮೊದಲು ಆಮೆ ಇರುವುದಿಲ್ಲವೆಂಬ ದೃಢೀಕರಣದೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಎಕರೆಗೆ ಕಾಲು ಆಮೆಯಂತೆ ಪರಿಗಣಿಸಲಾಗುವುದು. ಯಾವುದೇ ಕಾರಣಕ್ಕೂ ಆಮೆಯನ್ನು ತುಂಡರಿಸಿ ಕೊಡಲಾಗುವುದಿಲ್ಲ.”

ಕೌಸಲ್ಯಾ ಕೊಡೆ ಮಡಚಿ ಸಂಘದ ಕೌಂಟರಿನ ಎದುರು ನಿಂತರು. ಹರಿಪ್ರಸಾದ್ ಎದ್ದು ನಿಂತರು. ನಾಲ್ಕನೇ ಕ್ಲಾಸಿನಲ್ಲಿ ಅವರಿಗೆ ಮಗ್ಗಿ ಕಲಿಸಿದವರು ಇವರೇ.

“ಹರೀ, ನನ್ನ ಹೆಸರಲ್ಲಿ ಪಹಣಿ ಇಲ್ಲ ಮಾರಾಯ. ಆದ್ರೆ ಆಟ ಆಡುದು ನಾನು.”

“ಟೀಚರ್, ಆಟ ಆಡುವವರಿಗೆ ಕೊಡ್ಬೇಕು ಅಂತ ನಿಯಮದಲ್ಲಿ ಎಲ್ಲಿಯೂ ಇಲ್ಲ. ಬೆಳೆಗಾರರಿಗೆ ಅಂತ ಉಂಟು.”

“ಬೇಕಾದ್ದು ನನಗೊಬ್ಬಳಿಗೆ. ಉಂಟು ಹನ್ನೊಂದು. ಹನ್ನೊಂದರಲ್ಲಿ ಒಂದು ಕಳೆದ್ರೆ ಎಷ್ಟು?”

“ಹತ್ತು ಟೀಚರ್.”

“ಮತ್ತೆ ಅಭಾವ ಎಲ್ಲಿ?”

ಹರಿಪ್ರಸಾದ್ ಪ್ರಕಟಣೆಯ ಕಡೆ ಬೆರಳು ತೋರಿಸಿದರು. “ಅದು ಲೆಕ್ಕ ಟೀಚರ್. ಇದು ಹಂಚಿಕೆ.”

ಅಭಾವವಿದೆ ಎಂದು ತಿಳಿದ ಮೇಲೆ ಸಂಜೆಯೊಳಗೆ ನಲವತ್ತು ಸದಸ್ಯರೂ ಅರ್ಜಿ ಹಾಕಿದರು. ಅವರಲ್ಲಿ ಕೆಲವರು ಆಮೆ ಎಂತದಕ್ಕೆ ಎಂದು ವಿಚಾರಿಸಿದರು. ಅದು ಸಿಗುವುದೇ ಇಲ್ಲ ಎಂಬ ಉತ್ತರ ಕೇಳಿ ತೃಪ್ತರಾದರು. ಎಕರೆ ಲೆಕ್ಕದಲ್ಲಿ ಒಂದು ಆಮೆ ಕೃಷ್ಣಮೋಹನರಿಗೆ ಬಂತು. ಅವರು ಅದನ್ನು ಪ್ಯಾಕೆಟ್ ಸಮೇತ ಗೋಣಿಗೆ ಹಾಕಿ, ಬಾಯಿ ಹೊಲಿದು, ಅಟ್ಟದಲ್ಲಿ ಹಳೆ ಅಡಿಕೆಯ ಪಕ್ಕ ಇಟ್ಟರು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಈ ಕಡೆಯ ಅಡಿಕೆಗೆ ಕೊಯ್ದ ವರ್ಷ ಒಂದು ದರ. ಒಂದು ವರ್ಷ ಇಟ್ಟರೆ ಅದು ಸಿಂಗಲ್ ಚೋಲ್, ದರ ಹೆಚ್ಚು. ಎರಡು ವರ್ಷ ಇಟ್ಟರೆ ಡಬ್ಬಲ್ ಚೋಲ್, ಇನ್ನೂ ಹೆಚ್ಚು. ಇಟ್ಟಷ್ಟೂ ಒಳ್ಳೆಯದೆಂದು ಹುಟ್ಟಿದಾಗಿನಿಂದ ನೋಡಿದವರಿಗೆ ಆಮೆಯನ್ನು ಬೇರೆ ರೀತಿ ನೋಡಲು ಸಾಧ್ಯವಿರಲಿಲ್ಲ.

“ಒಮ್ಮೆ ಕೊಡಿ. ಬಾಗಿಲು ತೆಗೆದ ಕೂಡ್ಲೇ ವಾಪಸು ಕೊಡ್ತೇನೆ” ಎಂದರು ಕೌಸಲ್ಯಾ.

“ಪ್ಯಾಕೆಟ್ ಒಡೆದ ಆಮೆಗೆ ರೇಟು ಉಂಟಾ ಮಾರಾಯ್ತಿ? ಈಗ ಅದು ಹೊಸತು. ಡಬ್ಬಲ್ ಚೋಲ್ ಆಗ್ಲಿ.”

“ಅಡಿಕೆಯನ್ನಾದ್ರೆ ಯಾರಾದ್ರೂ ತಿಂತಾರೆ. ಇದನ್ನು?”

“ಯಾರೂ ತಿನ್ನುದಿಲ್ಲ. ಹಾಗಾಗಿ ಮುಗಿಯುದೂ ಇಲ್ಲ. ಇನ್ನೂ ಒಳ್ಳೇದಲ್ವಾ?”

ಉಳಿದ ಹತ್ತು ಆಮೆಗಳೂ ಹತ್ತು ಅಟ್ಟ ಸೇರಿದವು. ಸಂಘದ ದರಫಲಕದಲ್ಲಿ ಅಡಿಕೆ, ಕಾಳುಮೆಣಸು, ರಬ್ಬರಿನ ಕೆಳಗೆ ‘ಆಮೆ’ ಎಂಬ ಹೊಸ ಸಾಲು ಬಂತು. ಬೆಲೆಯ ಜಾಗದಲ್ಲಿ ‘ಏರುಮುಖ’ ಎಂದು ಬರೆದಿತ್ತು.

ಆಗಸ್ಟ್ ಕೊನೆಯಲ್ಲಿ ಟಿವಿಯ ಪರದೆಯ ಮೇಲೆ ಕಂಪನಿಯ ಸೂಚನೆ ಕಾಣಿಸಿತು. ಸೆಪ್ಟೆಂಬರ್ ಮೂವತ್ತರ ನಂತರ ಎಂಟನೇ ದ್ವೀಪದ ಬಾಗಿಲು ತೆರೆಯುವುದಿಲ್ಲ. ಅಷ್ಟರಲ್ಲಿ ಒಳಗೆ ಹೋದವರು ಒಳಗೇ ಉಳಿದು ಆಡಬಹುದು. ಕೌಸಲ್ಯಾ ಅದನ್ನು ಹಾಳೆಯಲ್ಲಿ ಬರೆದುಕೊಂಡು ಸಂಘದ ವಿಶೇಷ ಸಭೆಗೆ ಹೋಗಿ ಓದಿದರು. ಆ ದಿನ ಕಳೆದರೆ ಹನ್ನೊಂದು ಆಮೆಗಳೂ ಯಾವ ಕೆಲಸಕ್ಕೂ ಬಾರವು ಎಂದು ಬಿಡಿಸಿಯೂ ಹೇಳಿದರು.

ಕಡಬದ ಕಡೆಯ ನಿರ್ದೇಶಕ ಶೀನಪ್ಪ ಕೂತಲ್ಲೇ ನಕ್ಕರು. “ಕೌಸಲ್ಯಕ್ಕ, ಬಾಗಿಲು ಮುಚ್ಚಿದ ಮೇಲೆ ಕಂಪನಿಯವರು ಹೊಸ ಆಮೆ ಮಾಡ್ತಾರಾ?”

“ಇಲ್ಲ.”

“ಹೊಸತು ಬಾರದಿದ್ರೆ ಹಳತಕ್ಕೆ ರೇಟು ಬರುದೋ ಹೋಗುದೋ?”

ಸಭೆ ಚಪ್ಪಾಳೆ ತಟ್ಟಿತು. ಇಂಥ ಶುಭ ಸುದ್ದಿ ತಂದುದಕ್ಕೆ ಕೌಸಲ್ಯಾ ಅವರಿಗೆ ವಂದನಾ ನಿರ್ಣಯವನ್ನೂ ಮಂಡಿಸಲಾಯಿತು. ಕೌಸಲ್ಯಾ ಕೂರಲಿಲ್ಲ. ನಾಲ್ಕೂವರೆ ತಿಂಗಳಿಂದ ಮುಚ್ಚಿದ ಬಾಗಿಲು ನೋಡಿದ್ದ ಅವರಿಗೆ ಎದುರಿನ ನಲವತ್ತು ಮುಖಗಳೂ ಹಾಗೆಯೇ ಕಂಡವು. ಬಾಗಿಲು ಅಂದ ಮೇಲೆ ಎಲ್ಲಾದರೂ ಒಂದು ಚಿಲಕ ಇದ್ದೇ ಇರುತ್ತದೆ.

“ಅದೆಲ್ಲ ಸರಿ” ಎಂದರು. “ಮಾದರಿ ನೋಡಿದ್ದೀರಾ?”

ವಂದನಾ ನಿರ್ಣಯ ಅರ್ಧಕ್ಕೇ ನಿಂತಿತು. ಇದರ ಕಾರಣವನ್ನೂ ವಿವರಿಸಬೇಕು. ಅಡಿಕೆ ಕೊಳ್ಳುವವನು ಗೋಣಿಗೆ ಕೈಹಾಕಿ ನಾಲ್ಕು ಅಡಿಕೆ ತೆಗೆದು, ಕತ್ತರಿಸಿ, ಒಳಗಿನ ಬಿಳುಪು ನೋಡದೆ ದರ ಹೇಳುವುದಿಲ್ಲ. ಹೊರಗೆ ಎಷ್ಟೇ ಚಂದವಿದ್ದರೂ ಒಳಗೆ ಕೆಟ್ಟಿದ್ದರೆ ಇಡೀ ಲಾಟು ಹೋಯಿತು. ನಲವತ್ತು ಜನರಲ್ಲಿ ಒಬ್ಬರೂ ಆಮೆಯ ಒಳಗನ್ನು ನೋಡಿರಲಿಲ್ಲ.

ಶೀನಪ್ಪ ತಮ್ಮ ಆಮೆಯನ್ನು ಆ ದಿನ ಅಟ್ಟದಿಂದ ಇಳಿಸಿ, ಪ್ಯಾಕೆಟ್ ಸಮೇತ ಜೇಬಿನಲ್ಲಿಟ್ಟು ತಂದಿದ್ದರು. ಅದನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರು. “ಎಂತದೋ ಅಲ್ಲಾಡ್ತದೆ.”

“ಒಳ್ಳೇದಾದ್ರೂ ಅಲ್ಲಾಡ್ತದೆ, ಕೆಟ್ಟದ್ದಾದ್ರೂ ಅಲ್ಲಾಡ್ತದೆ” ಎಂದರು ಕೌಸಲ್ಯಾ.

“ಹಾಗಾದ್ರೆ ಗೊತ್ತಾಗುದು ಹೇಗೆ ಮಾರಾಯ್ರೆ?”

“ಬಾಗಿಲು ತೆಗೆದ್ರೆ ಗೊತ್ತಾಗ್ತದೆ.”

ಅರ್ಧ ಗಂಟೆ ಚರ್ಚೆಯ ನಂತರ ನಿರ್ಣಯವಾಯಿತು: ಹನ್ನೊಂದರಲ್ಲಿ ಒಂದು ಆಮೆಯ ಪ್ಯಾಕೆಟನ್ನು ಮಾದರಿಗಾಗಿ ಒಡೆಯತಕ್ಕದ್ದು. ಬಾಗಿಲಿನವರೆಗೆ ತಲುಪಿರುವವರು ಮಾತ್ರ ಪರೀಕ್ಷಕರಾಗಲು ಅರ್ಹರು. ಅರ್ಹರ ಸಂಖ್ಯೆ ಒಂದು. ಸಾಗಾಟದಲ್ಲಿ ಹಾನಿಯಾಗದಂತೆ ಪರೀಕ್ಷಕರ ಮನೆಯ ಆಮೆಯನ್ನೇ ಬಳಸತಕ್ಕದ್ದು.

“ನನ್ನದೇ ಯಾಕೆ?” ಎಂದರು ಕೃಷ್ಣಮೋಹನ.

“ನಿಮ್ಮ ಆಮೆಗೆ ‘ಮಾದರಿ’ ಅಂತ ಮುದ್ರೆ ಬೀಳ್ತದೆ ಅಣ್ಣ. ಅಂಥದ್ದು ಒಂದೇ ಇರುದು” ಎಂದರು ಹರಿಪ್ರಸಾದ್. ಒಂದೇ ಇರುವುದು ಎಂದು ಕೇಳಿದ ಮೇಲೆ ಕೃಷ್ಣಮೋಹನ ನಿರ್ಣಯದ ಪರ ಕೈ ಎತ್ತಿದರು.

ಮರುದಿನ ಮಧ್ಯಾಹ್ನ ಎರಡಕ್ಕೆ ಇಬ್ಬರು ಸಾಕ್ಷಿಗಳ ಎದುರು ಗೋಣಿಯ ಹೊಲಿಗೆ ಬಿಚ್ಚಲಾಯಿತು. ಕೌಸಲ್ಯಾ ನೀಲಿ ಆಮೆಯನ್ನು ಯಂತ್ರದ ಮೇಲೆ ಕೂರಿಸಿದರು. ಬಾಗಿಲು ನಿಧಾನಕ್ಕೆ ತೆರೆಯಿತು. ಆಚೆ ಬಿಳಿ ಮರಳು, ಹಾರುವ ಮೀನುಗಳು, ದೂರದಲ್ಲಿ ಒಂದು ದೀಪದ ಗೋಪುರ.

“ಹೋಗುವ” ಎಂದರು ಕೌಸಲ್ಯಾ ದೋಣಿಯವನಿಗೆ, ಬಹಳ ಮೆಲ್ಲಗೆ.

ನಾಲ್ಕು ಗಂಟೆಯಾದರೂ ಕೃಷ್ಣಮೋಹನ ಕುರ್ಚಿ ಬಿಟ್ಟು ಏಳಲಿಲ್ಲ. “ಆ ಗೋಪುರದ ಮೇಲೆ ಎಂತ ಉಂಟು?”

“ಹತ್ತಿ ನೋಡ್ಬೇಕು.”

“ಹತ್ತು ಮತ್ತೆ.”

“ಇವತ್ತಿನ ಪರೀಕ್ಷೆಯ ಸಮಯ ಮುಗೀತು” ಎಂದರು ಪರೀಕ್ಷಕಿ. ಮರುದಿನ ಒಂದೂಮುಕ್ಕಾಲಕ್ಕೇ ಕೃಷ್ಣಮೋಹನ ಕಾಫಿ ಮಾಡಿ ತಂದಿಟ್ಟರು, ಕರ್ತವ್ಯದಲ್ಲಿರುವವರು ಏಳಬಾರದೆಂದು.

ವಾರಕ್ಕೊಂದು ವರದಿ ಸಂಘಕ್ಕೆ ಹೋಯಿತು. ಎಲ್ಲದರಲ್ಲೂ ಒಂದೇ ಒಕ್ಕಣೆ: “ಆಮೆ ಇದುವರೆಗೆ ಉತ್ತಮವಾಗಿದೆ. ಪರೀಕ್ಷೆ ಮುಂದುವರಿದಿದೆ.” ಇದನ್ನು ಆಧರಿಸಿ ಉಳಿದ ಹತ್ತು ಪ್ಯಾಕೆಟ್‌ಗಳಿಗೆ ‘ಮಾದರಿ ಪರೀಕ್ಷಿತ’ ಎಂಬ ಮುದ್ರೆ ಒತ್ತಲಾಯಿತು.

ಸೆಪ್ಟೆಂಬರ್ ಮೂವತ್ತರಂದು ಬಾಗಿಲು ಮುಚ್ಚಿತು. ಆ ಸಂಜೆಯೇ ಸಂಘ ಸಭೆ ಸೇರಿ, ಹತ್ತು ಆಮೆಗಳು ಇನ್ನು ಯಾವ ಬಾಗಿಲನ್ನೂ ತೆರೆಯಲಾರವಾದ್ದರಿಂದ ಅವನ್ನು ಯಾರೂ ಒಡೆಯುವ ಭಯವಿಲ್ಲವೆಂದು ಹರ್ಷ ವ್ಯಕ್ತಪಡಿಸಿತು. ಕೊಳ್ಳುವವರು ಈವರೆಗೆ ಬಂದಿಲ್ಲ. ಬಂದಲ್ಲಿ ಕೊಡತಕ್ಕದ್ದಲ್ಲ ಎಂದು ಸರ್ವಾನುಮತದಿಂದ ಒಪ್ಪಲಾಯಿತು. ಪರೀಕ್ಷಕಿ ಕೌಸಲ್ಯಾ ಮತ್ತು ನಿರ್ದೇಶಕ ಕೃಷ್ಣಮೋಹನ ಸಭೆಗೆ ಬರಲಿಲ್ಲ. ಎಂಟನೇ ದ್ವೀಪದಲ್ಲಿ ಅನ್ಯ ಕಾರ್ಯ ನಿಮಿತ್ತ ಎಂದು ಹಾಜರಿ ಪುಸ್ತಕದಲ್ಲಿ ಬರೆದು, ಹರಿಪ್ರಸಾದ್ ಕೆಳಗೆ ಸಹಿ ಹಾಕಿದರು.